ಪಿತ್ತಕೋಶ ತೆಗೆದ ಮೇಲೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದರೆ

ಕಲ್ಲು ಅಂತ ಪಿತ್ತಕೋಶ ತೆಗೆಸಿ, ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದಿರುತ್ತೀರಿ, ಆಮೇಲೆ ಬಯಾಪ್ಸಿ ರಿಪೋರ್ಟ್ ಹೀಗೆ ಬರುತ್ತದೆ. ಕೈಕಾಲು ತಣ್ಣಗಾಗುತ್ತೆ, ಅಲ್ವಾ? ಮೊದಲು ರಿಪೋರ್ಟ್‌ನಲ್ಲಿ 'ಟಿ' ಹಂತ ನೋಡಿ, ಅಂದರೆ ಕ್ಯಾನ್ಸರ್ ಪಿತ್ತಕೋಶದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು. ಟಿ1ಎ (ಒಳಪದರದಲ್ಲಷ್ಟೇ) ಇದ್ದು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಸಾಮಾನ್ಯವಾಗಿ ಆದ ಆಪರೇಷನ್ನೇ ಸಾಕು. ಟಿ1ಬಿ (ಸ್ನಾಯು ಪದರದವರೆಗೆ) ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಸ್ಕ್ಯಾನ್‌ನಲ್ಲಿ ಬೇರೆಡೆ ಹರಡಿಲ್ಲ ಅಂತ ಗೊತ್ತಾದ ಮೇಲೆ, ಪಿತ್ತಕೋಶ ಅಂಟಿಕೊಂಡಿದ್ದ ಕಡೆಯ ಲಿವರ್ ಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯಲು ಸಾಮಾನ್ಯವಾಗಿ ಮತ್ತೊಂದು ಆಪರೇಷನ್ ಹೇಳುತ್ತಾರೆ. ಮೊದಲ ಸರ್ಜನ್‌ಗೆ ಸಂಕೋಚ ಬಿಟ್ಟು ಒಂದು ಮಾತು ಕೇಳಿ: ತೆಗೆಯುವಾಗ ಪಿತ್ತಕೋಶ ಒಡೆದು ಪಿತ್ತ ಚೆಲ್ಲಿತ್ತಾ? ಚೆಲ್ಲಿದ್ದರೆ ಹೊಟ್ಟೆಯೊಳಗೆ ಹರಡುವ ಅಪಾಯ ಜಾಸ್ತಿ. ಲ್ಯಾಬ್‌ನಿಂದ ಸ್ಲೈಡ್ (ಪರೀಕ್ಷೆ ಮಾಡಿದ ಗಾಜಿನ ಪಟ್ಟಿ), ಬ್ಲಾಕ್ (ಮೇಣದಲ್ಲಿ ಇಟ್ಟ ಅಂಗಾಂಶದ ತುಂಡು) ಎರಡನ್ನೂ ಪಡೆದು ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರದಲ್ಲಿ ತೋರಿಸಿ. ಸುಮ್ನೆ ತಿಂಗಳುಗಟ್ಟಲೆ ಕಾಯಬೇಡಿ.