ಗ್ಯಾರಂಟಿ ಹಣ ಬರುವ ಮನೆಯಲ್ಲಿ ಲೆಕ್ಕ ಇಡುವ ಬಗೆ

ಸಿಂಧನೂರು, ಗಂಗಾವತಿಯಂಥ ಕಾಲುವೆ ನೀರಿನ ಊರಾಗಲಿ, ಕುಷ್ಟಗಿಯಂಥ ಹೆಚ್ಚಾಗಿ ಮಳೆಯನ್ನೇ ನಂಬಿದ ಊರಾಗಲಿ, ಸರ್ಕಾರದ ಹಣ ಒಂದಿಲ್ಲೊಂದು ಬಗೆಯಲ್ಲಿ ಬಾರದ ಮನೆ ಇಂದು ವಿರಳ. ಅರ್ಹತೆ ಇದ್ದವರು ಅದನ್ನು ಪಡೆಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಸಂಸಾರ ನಡೆಸುವ ಹೊಣೆ ಮೊದಲು ಮನೆಯವರದು ಎಂದು ನಂಬುವವರು ಆ ಹಣವನ್ನು ಲೆಕ್ಕದಲ್ಲಿ ಎಲ್ಲಿ ಬರೆಯಬೇಕು, ಅದನ್ನು ಕೊಟ್ಟೆವೆಂದು ಹೇಳುವವರ ಭಾಷಣವನ್ನು ಹೇಗೆ ಕೇಳಬೇಕು ಎಂಬುದನ್ನು ತಿಳಿದಿರುವುದು ಅಗತ್ಯ.

ಒಂದು ನೋಟ್‌ಬುಕ್ಕಿನಲ್ಲಿ ಆದಾಯವನ್ನು ಎರಡು ಭಾಗ ಮಾಡಿ ಬರೆಯಿರಿ. ಭತ್ತ, ಹತ್ತಿ, ಮೆಣಸಿನಕಾಯಿ, ಹೈನು, ಕೂಲಿ, ಸಂಬಳ ಒಂದು ಕಡೆ ಇರಲಿ. ಗೃಹಲಕ್ಷ್ಮಿಯ ತಿಂಗಳ 2,000, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಇನ್ನೊಂದು ಕಡೆ ಇರಲಿ. ಗೃಹಜ್ಯೋತಿಯಿಂದ ಉಳಿದ ಕರೆಂಟ್ ಬಿಲ್ಲು, ಶಕ್ತಿ ಯೋಜನೆಯಿಂದ ಉಳಿದ ಬಸ್ ಚಾರ್ಜು ಕೈಗೆ ಬಾರದಿದ್ದರೂ ಅಂದಾಜಿನ ಮೇಲೆ ಅವೂ ಎರಡನೆಯ ಭಾಗಕ್ಕೇ ಸೇರಬೇಕು. ಸಂತೆ, ಮಕ್ಕಳ ಫೀಸು, ಸಂಘದ ಕಂತು ಇವೆಲ್ಲ ಮೊದಲನೆಯ ಭಾಗದಿಂದಲೇ ನಡೆಯುತ್ತವೆಯೇ ಎಂದು ನೋಡಿ. ನಡೆಯದಿದ್ದರೆ, ಅದರಲ್ಲೂ ಬರುವ 2,000ವನ್ನೇ ನಂಬಿ ಹೊಸ ಸಾಲ ಎತ್ತಿದ್ದರೆ, ಆ ಸಾಲಿಗೆ ಕೆಂಪು ಗೆರೆ ಎಳೆಯಿರಿ. ಏಕೆಂದರೆ ಗೃಹಲಕ್ಷ್ಮಿಯ ಹಣ ತಿಂಗಳುಗಟ್ಟಲೆ ತಡವಾದದ್ದುಂಟು, ಮೈಕ್ರೋ ಫೈನಾನ್ಸಿನವರು ಮಾತ್ರ ವಾರ ತಪ್ಪುವುದಿಲ್ಲ. ಎರಡನೆಯ ಭಾಗದ ಹಣ ಅಂಚೆ ಕಚೇರಿಯ ಆರ್.ಡಿ.ಗೆ (ತಿಂಗಳಿಗಿಷ್ಟೆಂದು ಕಟ್ಟುವ ಉಳಿತಾಯ) ಅಥವಾ ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆಗೆ ಹೋಗುವುದು ಒಳ್ಳೆಯದು. ಆರ್.ಡಿ.ಯನ್ನು ತಿಂಗಳಿಗೆ 100 ರೂಪಾಯಿಯಿಂದ, ಸುಕನ್ಯಾ ಖಾತೆಯನ್ನು ವರ್ಷಕ್ಕೆ 250 ರೂಪಾಯಿಯಿಂದ ನಡೆಸಬಹುದು. ಯಜಮಾನಿಯ ಖಾತೆಯ ಹಣ ಏನಾಯಿತೆಂದು ಕೇಳುವ ಯಜಮಾನರು ಮೊದಲು ತಮ್ಮ ಗುಟ್ಕಾ, ಕುಡಿತದ ಖರ್ಚನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಲಿ.

ಇನ್ನು ಭಾಷಣ. ವೇದಿಕೆಯ ಮೇಲಿನವರು ಎಷ್ಟು ಕೊಟ್ಟೆವೆಂದು ಹೇಳಿದಾಗ, ಅದು ಎಲ್ಲಿಂದ ಬಂತು, ಯಾವುದಕ್ಕೆ ಬದಲಾಗಿ ಬಂತು ಎಂಬ ಎರಡು ಪ್ರಶ್ನೆಗಳನ್ನು ಕೇಳುಗರೇ ಪಕ್ಕದಲ್ಲಿ ಬರೆದುಕೊಳ್ಳಬೇಕು. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ; ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ, ಅಂದರೆ ನೂರು ರೂಪಾಯಿಗೆ ಸುಮಾರು ಹನ್ನೆರಡೂವರೆ. ಅದೇ ಬಜೆಟ್ಟಿನಲ್ಲಿ 19,262 ಕೋಟಿ ರೂಪಾಯಿಯ ರಾಜಸ್ವ ಕೊರತೆಯೂ, ಅಂದರೆ ದಿನನಿತ್ಯದ ಖರ್ಚಿಗೇ ಆದಾಯ ಸಾಲದೆ ಬಿದ್ದ ಕೊರತೆಯೂ ಇತ್ತು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬೀಜ ಗೊಬ್ಬರಕ್ಕೆ ಸಾಲ ಮಾಡುವುದು ಬೇರೆ, ದಿನದ ಜೋಳಕ್ಕೆ ಸಾಲ ಮಾಡುವುದು ಬೇರೆ. 2025ರ ಜನವರಿಯಲ್ಲಿ ಬಸ್ ದರ ಶೇ. 15ರಷ್ಟು ಏರಿತು, ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಹಾಲಿನ ಏರಿಕೆ ರೈತರಿಗೇ ಎಂದು ಸರ್ಕಾರ ಹೇಳಿತು. ಆದರೂ ಕೊಳ್ಳುವ ಮನೆಯ ಖರ್ಚಿನಲ್ಲಿ ಅದನ್ನು ಬರೆಯಲೇಬೇಕು.

ಗ್ಯಾರಂಟಿಯ ವಿರೋಧಿಗಳ ಮಾತಿಗೂ ಇದೇ ಅಳತೆ ಇರಲಿ. ಪ್ರಧಾನಿಯವರು 2022ರ ಜುಲೈನಲ್ಲಿ ಇಂಥ ಕೊಡುಗೆಗಳನ್ನು ‘ರೇವಡಿ ಸಂಸ್ಕೃತಿ’ (ಮಿಠಾಯಿ ಹಂಚುವ ಚಾಳಿ) ಎಂದು ಹಳಿದರು; ಮರುವರ್ಷವೇ ಅವರದೇ ಪಕ್ಷದ ಮಧ್ಯಪ್ರದೇಶ ಸರ್ಕಾರ ಲಾಡ್ಲಿ ಬಹನಾ ಹೆಸರಿನಲ್ಲಿ ಮಹಿಳೆಯರ ಖಾತೆಗೆ ತಿಂಗಳ ಹಣ ಹಾಕತೊಡಗಿತು. ಕೊಡುವವರ ಬಾವುಟ ನೋಡಿ ಹೆಸರು ಬದಲಿಸುವವರು ಖರ್ಚಿನ ಶಿಸ್ತಿನ ಬಗ್ಗೆ ಮಾತನಾಡಿದಾಗ ಅನುಮಾನದಿಂದಲೇ ಕೇಳಬೇಕು. ಭಾಷಣದಲ್ಲಿ ಏನು ಬರಲಿಲ್ಲ ಎಂಬುದನ್ನೂ ಗಮನಿಸಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟು ಅಂತರರಾಜ್ಯ ಸಂಸ್ಥೆಯಾದ ತುಂಗಭದ್ರಾ ಮಂಡಳಿಯ ಉಸ್ತುವಾರಿಯಲ್ಲಿದೆ, ಹಾಗಾಗಿ ಗ್ಯಾರಂಟಿಯೇ ಇದಕ್ಕೆ ಕಾರಣವೆನ್ನುವುದು ಸುಳ್ಳಾದೀತು. ಆದರೆ ಹಲವು ಜಿಲ್ಲೆಗಳ ಭತ್ತ ನಿಂತಿರುವ ಆ ಸರಪಳಿಯ ದುರಸ್ತಿಗೆ ಅದಕ್ಕೂ ಮೊದಲು ಯಾವ ಸಭೆಯಲ್ಲೂ ಚಪ್ಪಾಳೆ ಬಿದ್ದದ್ದನ್ನು ನಾನು ಕೇಳಿಲ್ಲ.

ಗೃಹಲಕ್ಷ್ಮಿ ಯೋಜನೆ ನೇರವಾಗಿ ಸಂಸಾರದೊಳಗೆ ಕೈಹಾಕುವುದು ಪಡಿತರ ಚೀಟಿಯ ಮೂಲಕ. ಒಂದು ಚೀಟಿಗೆ ಒಬ್ಬರೇ ಯಜಮಾನಿ, ಹಣ ಅವರ ಖಾತೆಗೇ. ಕೂಡು ಕುಟುಂಬದಲ್ಲಿ ಅದು ಸಾಮಾನ್ಯವಾಗಿ ಅತ್ತೆ. ಒಂದೇ ಒಲೆಯಲ್ಲಿ ಉಣ್ಣುವ ಅಣ್ಣತಮ್ಮಂದಿರು ಚೀಟಿ ಬೇರೆ ಮಾಡಿಸಿಕೊಳ್ಳಬೇಕೆಂಬ ಆಸೆ ಅಲ್ಲಿಂದ ಹುಟ್ಟುತ್ತದೆ. ಆ ಅರ್ಜಿ ಬರೆಯುವ ಮೊದಲು ಒಂದು ಲೆಕ್ಕ ಮಾಡಿ. ಬರುವುದು ವರ್ಷಕ್ಕೆ 24,000. ನಿಜಕ್ಕೂ ಬೇರೆಯಾದರೆ ಇನ್ನೊಂದು ಸಿಲಿಂಡರ್, ಪಟ್ಟಣದಲ್ಲಾದರೆ ಇನ್ನೊಂದು ಬಾಡಿಗೆ, ಹೊಲದಲ್ಲಿ ಪರಸ್ಪರ ಸಿಗುತ್ತಿದ್ದ ಆಳಿನ ಬದಲು ಕೊಡಬೇಕಾದ ಕೂಲಿ ಇವೆಲ್ಲ ಖರ್ಚಿಗೆ ಸೇರುತ್ತವೆ. ಗಂಡಹೆಂಡಿರು ಬೆಂಗಳೂರಿಗೆ ಗುಳೆ ಹೋದಾಗ ಮಕ್ಕಳನ್ನು ಶಾಲೆ ಬಿಡಿಸದೆ ನೋಡಿಕೊಳ್ಳುತ್ತಿದ್ದ ಅಜ್ಜಿಯ ನೆರವಿಗೆ ಬೆಲೆ ಕಟ್ಟುವುದು ಇನ್ನೂ ಕಷ್ಟ. ಒಟ್ಟಿಗೇ ಇದ್ದು ಬೇರೆಯೆಂದು ಬರೆದುಕೊಟ್ಟರೆ ಅದು ಸುಳ್ಳು ಘೋಷಣೆ. ಅದಕ್ಕಿಂತ, ಅತ್ತೆಯ ಖಾತೆಗೆ ಬಂದದ್ದರಲ್ಲಿ ಸೊಸೆಯಂದಿರ ಕೈಗೆ ತಿಂಗಳಿಗೆ ಇಷ್ಟು ಎಂದು ಹಿರಿಯರ ಮುಂದೆ ಮಾತಾಡಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಲೇಸು.

ಹಿರಿಯರ ಔಷಧಿಯ ಖರ್ಚನ್ನು ಮಾತ್ರ ಯಾವ ಕಾರಣಕ್ಕೂ ಎರಡನೆಯ ಭಾಗಕ್ಕೆ ತಳ್ಳಬೇಡಿ. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ಅವರ ಕೈಖರ್ಚಿಗೆ ಇರಲಿ, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಮಕ್ಕಳ ದುಡಿಮೆಯಿಂದ ಬರಲಿ. ತಂದೆ ತಾಯಿಯನ್ನು ಸಾಕುವುದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ಪ್ರಕಾರವೂ ಮಕ್ಕಳ ಕರ್ತವ್ಯ. ಮಕ್ಕಳು ಕೈಬಿಟ್ಟರೆ ಹಿರಿಯರು ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಲ್ಲಿ ಅರ್ಜಿ ಕೊಡಬಹುದು. ರಾಯಚೂರು ಜಿಲ್ಲೆಯಲ್ಲಾದರೆ ಆ ಕಚೇರಿಗಳು ರಾಯಚೂರು ಮತ್ತು ಲಿಂಗಸುಗೂರಿನಲ್ಲಿವೆ.