ಕೊಟ್ಟಿಗೆಯಲ್ಲಿ ರಿಪೇರಿಯಾದ ಎಂಎಂ 540

ಹಳೆ ಜೀಪು ಮನೆಗೆ ತಂದವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ದಪ್ಪ ಟೈರಿಗೆ, ಬಣ್ಣಕ್ಕೆ, ಮುಂದಿನ ಗಾರ್ಡಿಗೆ. ನಾನು ಬ್ರೇಕಿನಿಂದ ಶುರು ಮಾಡಿದೆ. ಗಾಡಿ ಮೊದಲು ನಿಲ್ಲಬೇಕು, ಆಮೇಲೆ ತಿರುಗಿಸಿದ ಕಡೆ ತಿರುಗಬೇಕು. ಓಡುವ ಮಾತು ಅದಾದ ಮೇಲೆ, ಚಂದದ ಮಾತು ಕಟ್ಟಕಡೆಗೆ. ಜೀಪಿನ ಮಾಡಿಫಿಕೇಶನ್ ಅಂತ ಜನ ಮಾಡಿಸುವುದರಲ್ಲಿ ಮುಕ್ಕಾಲು ಪಾಲು, ಸವೆದ ಭಾಗವನ್ನು ಬದಲಿಸದೆ ಅದರ ಮೇಲೆ ಇನ್ನೊಂದನ್ನು ಹೇರುವ ಕೆಲಸ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನನ್ನದು ಮಹೀಂದ್ರ ಎಂಎಂ 540. ಪಾಂಡವಪುರದ ಕಡೆ ಗದ್ದೆಗೂ ಆಲೆಮನೆಗೂ ದುಡಿದು, ಕೊನೆಗೆ ಹುಲ್ಲಿನ ಮೆದೆ ಪಕ್ಕ ನಿಂತುಬಿಟ್ಟಿದ್ದ ಗಾಡಿ. ಎಂಜಿನ್ ಪೂಜೋ ಎಕ್ಸ್‌ಡಿಪಿ 4.90: ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, 83 ಮಿ.ಮೀ. ಸ್ಟ್ರೋಕ್, ಒಟ್ಟು 2112 ಸಿಸಿ ಡೀಸೆಲ್. ಎಂಜಿನ್ ಫ್ರಾನ್ಸಿನ ಮೂಲದ್ದಾದರೂ ಟ್ರಾನ್ಸ್‌ಫರ್ ಕೇಸ್ (ಗೇರ್ ಬಾಕ್ಸಿನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಮುಂದಿನ ಆಕ್ಸಲ್ ಎಲ್ಲ ಹಳೇ ವಿಲ್ಲಿಸ್ ಜೀಪಿನ ವಂಶದವು. ಹಾಗಾಗಿ ಸಾಮಾನು ಇವತ್ತಿಗೂ ಸಿಗುತ್ತದೆ. ಮಂಡ್ಯದಲ್ಲಿ ಸಿಗದ್ದು ಮೈಸೂರಿನಲ್ಲಿ, ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ದುಡ್ಡು ಕೊಡುವ ಮೊದಲು ನಾನು ನೋಡಿದ್ದು ಎಂಜಿನ್ನನ್ನಲ್ಲ. ತಂತಿ ಬ್ರಷ್ಷಿನಿಂದ ಚಾಸಿಯನ್ನು ಉಜ್ಜಿ ಅದರ ನಂಬರ್ ಓದಿ, ಆರ್‌ಸಿ ಪುಸ್ತಕದ ಜೊತೆ ಒಂದೊಂದೇ ಅಂಕಿ ತಾಳೆ ನೋಡಿದೆ. ಎಂಜಿನ್ ಕೆಟ್ಟರೆ ಕಟ್ಟಿಸಬಹುದು. ದಾಖಲೆ ಇಲ್ಲದ ಜೀಪು ಎಷ್ಟು ಅಗ್ಗಕ್ಕೆ ಸಿಕ್ಕರೂ ಅದು ಗುಜರಿಯೇ.

ಬ್ರೇಕಿನ ಕೆಲಸ ದೊಡ್ಡದು, ಆದರೆ ಕಷ್ಟದ್ದಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ, ಚಕ್ರದ ಬಳಿ ಬ್ರೇಕನ್ನು ತಳ್ಳುವ ವೀಲ್ ಸಿಲಿಂಡರಿನ ಒಳಗೆ ಪಿಸ್ಟನ್ ತುಕ್ಕು ಹಿಡಿದು ಕೂತಿರುತ್ತದೆ, ಏಕೆಂದರೆ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಒಂದು ಸಿಲಿಂಡರ್ ಮಾತ್ರ ಹಿಡಿದಿದೆ ಎಂದು ಅದೊಂದನ್ನೇ ಬದಲಿಸಿದರೆ, ಹೊಸ ಒತ್ತಡ ಬಂದಾಗ ಪಕ್ಕದ್ದು ಸೋರುತ್ತದೆ. ನಾನು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವುದು ಇದು), ವೀಲ್ ಸಿಲಿಂಡರ್, ಹೋಸು, ಸ್ಟೀಲ್ ಪೈಪು ಎಲ್ಲವನ್ನೂ ಒಟ್ಟಿಗೇ ಬದಲಿಸಿದೆ. ಡ್ರಮ್ಮುಗಳನ್ನು ಮಂಡ್ಯದ ಲೇತಿನಲ್ಲಿ ಸವರಿಸಿದೆ. ಹಳೆ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಡ್ರಮ್ ಬಿಚ್ಚಿದ ತಕ್ಷಣ ಗಾಳಿ ಪೈಪ್ ಹಿಡಿದು ಧೂಳು ಹಾರಿಸುವುದು ನಮ್ಮ ಗ್ಯಾರೇಜುಗಳ ಅಭ್ಯಾಸ. ದಯವಿಟ್ಟು ಹಾಗೆ ಮಾಡಬೇಡಿ. ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಕಟ್ಟಿಡಿ. ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ.

ಸ್ಟೇರಿಂಗಿನ ವಿಷಯಕ್ಕೆ ಬಂದರೆ ಜೀಪಿನವರಿಗೆಲ್ಲ ಗೊತ್ತಿರುವ ರೋಗ ಒಂದಿದೆ. ನಲವತ್ತು ಐವತ್ತರ ವೇಗದಲ್ಲಿ ಒಂದು ಗುಂಡಿಗೆ ಚಕ್ರ ಇಳಿದರೆ ಮುಂದಿನ ಎರಡೂ ಚಕ್ರ ಎಡಬಲಕ್ಕೆ ಒದರಲು ಶುರುವಾಗುತ್ತವೆ, ಪೂರ್ತಿ ನಿಧಾನ ಮಾಡುವವರೆಗೂ ನಿಲ್ಲುವುದಿಲ್ಲ. ಇದಕ್ಕೆ, ಒದರಾಟ ತಡೆಯುವ ಶಾಕ್ ಅಬ್ಸಾರ್ಬರಿನಂಥ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಎನ್ನುವವರೇ ಹೆಚ್ಚು. ನನ್ನ ಗಾಡಿಗೂ ಹಿಂದಿನವರು ಹಾಕಿಸಿದ್ದರು. ಡ್ಯಾಂಪರ್ ರೋಗವನ್ನು ಮುಚ್ಚುತ್ತದೆ ಅಷ್ಟೆ. ಮೂಲ ಇರುವುದು ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಕಿಂಗ್‌ಪಿನ್ ಬೇರಿಂಗಿನಲ್ಲಿ, ಆ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎಂಡಿನಲ್ಲಿ, ಗಾಡಿಯ ಭಾರ ಹೊರುವ ಕಮಾನು ಪಟ್ಟೆಯ ಬುಷ್ಷಿನಲ್ಲಿ. ಮುಂದಿನ ಆಕ್ಸಲಿನ ಎರಡು ತುದಿಯಲ್ಲೂ ದುಂಡನೆಯ ನಕಲ್ ಹೌಸಿಂಗ್ ಇರುತ್ತದೆ. ಅದರ ಮೇಲೊಂದು, ಕೆಳಗೊಂದು ಟೇಪರ್ ಬೇರಿಂಗ್; ಇವೇ ಕಿಂಗ್‌ಪಿನ್ ಬೇರಿಂಗುಗಳು. ಅವುಗಳ ಬಿಗಿಯನ್ನು ನಿರ್ಧರಿಸುವುದು ಕ್ಯಾಪಿನ ಕೆಳಗೆ ಇಡುವ ಕಾಗದದಷ್ಟು ತೆಳುವಾದ ಶಿಮ್ಮುಗಳು. ಶಿಮ್ ತೆಗೆದರೆ ಬಿಗಿ ಹೆಚ್ಚುತ್ತದೆ, ಸೇರಿಸಿದರೆ ಸಡಿಲವಾಗುತ್ತದೆ.

ನಾನು ಬೇರಿಂಗ್, ಅದು ಕೂರುವ ಕಪ್ ಎರಡನ್ನೂ ಹೊಸದು ಹಾಕಿ, ಟೈ ರಾಡ್ ಕಳಚಿ, ಆಯಿಲ್ ಸೀಲ್ ಇನ್ನೂ ಕೂರಿಸದೆ, ಸ್ಟೇರಿಂಗ್ ಆರ್ಮಿಗೆ ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದೆ. ಸೀಲ್ ಇದ್ದರೆ ಅದರ ತಿಕ್ಕಾಟವೂ ಲೆಕ್ಕಕ್ಕೆ ಸೇರಿ ಅಂದಾಜು ಕೆಡುತ್ತದೆ. ಎಳೆದಾಗ ಒಂದೇ ಸಮನಾದ, ಸ್ವಲ್ಪ ಭಾರವಾದ ಹಿಡಿತ ಸಿಗಬೇಕು. ಎಲ್ಲೂ ಕಚ್ಚಬಾರದು, ಎಲ್ಲೂ ಆಡಬಾರದು. ಎಡ ಬಲ ಎರಡೂ ಒಂದೇ ತೂಕ ತೋರಿಸುವವರೆಗೆ ಶಿಮ್ ತೆಗೆದು ಹಾಕಿ ಮಾಡಿದೆ. ಇಡೀ ಜೀಪಿನಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಕೆಲಸ ಇದು. ಬೇಕಾದದ್ದು ತಾಳ್ಮೆ, ಗ್ರೀಸು, ಒಂದು ತಕ್ಕಡಿ, ಅಷ್ಟೆ.

ಆಮೇಲೆ ಟೋ-ಇನ್, ಅಂದರೆ ಮುಂದಿನ ಎರಡು ಚಕ್ರಗಳು ಮುಂಭಾಗದಲ್ಲಿ ತುಸು ಒಳಮುಖವಾಗಿರುವ ಅಳತೆ. ಅದಕ್ಕೂ ಅಲೈನ್‌ಮೆಂಟ್ ಮೆಷಿನ್ನೇ ಬೇಕೆಂದಿಲ್ಲ. ಚಕ್ರ ಎತ್ತಿ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣ ಬಳಿದು, ಅದರ ಮೇಲೆ ಮೊಳೆಯಿಂದ ಒಂದು ಸಣ್ಣ ಗೆರೆ ಎಳೆಯಿರಿ. ಇಳಿಸಿ, ಗಾಡಿಯನ್ನು ನಾಲ್ಕು ಹೆಜ್ಜೆ ಮುಂದಕ್ಕೆ ತಳ್ಳಿ, ಎರಡೂ ಗೆರೆಗಳ ನಡುವಿನ ಅಂತರವನ್ನು ಆಕ್ಸಲಿನ ಎತ್ತರದಲ್ಲಿ ಟೈರಿನ ಮುಂಭಾಗದಲ್ಲೂ ಹಿಂಭಾಗದಲ್ಲೂ ಅಳೆಯಿರಿ. ಮುಂಭಾಗದ ಅಳತೆ ಹಿಂಭಾಗದ್ದಕ್ಕಿಂತ ಒಂದರಿಂದ ಎರಡೂವರೆ ಮಿ.ಮೀ. ಕಡಿಮೆ ಬಂದರೆ ಸರಿ. ಇಷ್ಟಾದ ಮೇಲೆ ಡ್ಯಾಂಪರ್ ಕಳಚಿಟ್ಟು ನಾಲೆ ಏರಿಯ ಗುಂಡಿಗಳ ಮೇಲೇ ಓಡಿಸಿದೆ. ಒದರಾಟ ಪೂರ್ತಿ ಹೋಗಿತ್ತು.

ಕಮಾನು ಪಟ್ಟೆಗೆ ನಮ್ಮ ಜಿಲ್ಲೆಯಷ್ಟು ಅನುಕೂಲ ಇನ್ನೆಲ್ಲೂ ಇಲ್ಲವೇನೋ. ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರೈಲರ್, ಲಾರಿಗಳಿಗಾಗಿ ಕಮಾನು ಕಟ್ಟುವವರು ಇಲ್ಲಿ ಬೇಕಾದಷ್ಟಿದ್ದಾರೆ. ಹಿಂದಿನವರು ಭಾರಕ್ಕೆಂದು ಸೇರಿಸಿದ್ದ ಹೆಚ್ಚುವರಿ ಪಟ್ಟೆಗಳನ್ನು ತೆಗೆಸಿ, ಉಳಿದವಕ್ಕೆ ಮತ್ತೆ ಬಾಗು ಕೊಡಿಸಿ, ಪಟ್ಟೆ ಪಟ್ಟೆಯ ನಡುವಿನ ತುಕ್ಕು ಉಜ್ಜಿ ಗ್ರ್ಯಾಫೈಟ್ ಗ್ರೀಸ್ ಸವರಿ ಕಟ್ಟಿದೆ. ಎತ್ತರ ಕಂಪನಿಯದ್ದೇ ಉಳಿಯಿತು. ಗಾಡಿ ಎತ್ತರಿಸುವ ಲಿಫ್ಟ್ ಹಾಕಿಸಿದರೆ, ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟಿನ ಕೋನ ಏರಿ ಅದರ ಕೀಲುಗಳಾದ ಕ್ರಾಸುಗಳು ಬೇಗ ಸಾಯುತ್ತವೆ. ನಮ್ಮ ಗದ್ದೆ ದಾರಿಗೆ ಅಷ್ಟು ಎತ್ತರ ಬೇಕಾಗಿಯೂ ಇಲ್ಲ.

ಟ್ರಾನ್ಸ್‌ಫರ್ ಕೇಸಿನಿಂದ ಎಣ್ಣೆ ಜಿನುಗುವುದು ಜೀಪಿನ ಜಾತಿಗುಣ ಎಂದು ಮೆಕ್ಯಾನಿಕ್ಕುಗಳು ಕೈಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಒಳಗಿನ ಇಂಟರ್ಮೀಡಿಯಟ್ ಶಾಫ್ಟ್, ಅದರ ನೀಡಲ್ ಬೇರಿಂಗ್, ಎರಡು ಬದಿಯ ಥ್ರಸ್ಟ್ ವಾಷರ್ ಸವೆದರೆ ಗೇರ್ ಅಲುಗುತ್ತದೆ, ಸದ್ದು ಬರುತ್ತದೆ, ಶಾಫ್ಟ್ ಕೂರುವ ರಂಧ್ರವೇ ಎಣ್ಣೆ ಬಿಡುತ್ತದೆ. ಅವುಗಳನ್ನು ಬದಲಿಸಿ, ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಸೀಲ್ ಹೊಸದು ಹಾಕಿದೆ. ಆ ಸೀಲ್ ಹೋದರೆ ಒಂದರ ಎಣ್ಣೆ ಇನ್ನೊಂದಕ್ಕೆ ಹರಿದು, ಒಂದು ಬತ್ತಿ ಇನ್ನೊಂದು ತುಂಬಿ ಸೋರುತ್ತದೆ. ಮೇಲಿನಿಂದ ಎಷ್ಟು ಸುರಿದರೂ ಪ್ರಯೋಜನವಿಲ್ಲ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ಗಟ್ಟಿಯಾಗಿತ್ತು. ರೇಡಿಯೇಟರ್ ಮಾತ್ರ ಬೋರ್‌ವೆಲ್ ನೀರಿನ ಗಡಸುತನಕ್ಕೆ ಸುಣ್ಣ ಕಟ್ಟಿ ಮುಚ್ಚಿಹೋಗಿತ್ತು. ಬಿಚ್ಚಿಸಿ ರಾಡ್ ಹಾಯಿಸಿ, ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿ ತುಂಬಿದೆ. ಎಕ್ಸ್‌ಡಿಪಿ ಇನ್‌ಡೈರೆಕ್ಟ್ ಇಂಜೆಕ್ಷನ್ ಎಂಜಿನ್, ಅಂದರೆ ಡೀಸೆಲ್ ನೇರ ಸಿಲಿಂಡರಿಗೆ ಬೀಳದೆ ಪಕ್ಕದ ಸಣ್ಣ ಕೋಣೆಗೆ ಚಿಮ್ಮುತ್ತದೆ; ಆದ್ದರಿಂದ ಚಳಿಯ ಬೆಳಗಿಗೆ ಅದನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಬೇಕೇ ಬೇಕು. ಸ್ಟಾರ್ಟ್ ಆಗಲ್ಲ ಎಂದು ಪಂಪ್ ಬಿಚ್ಚುವ ಮೊದಲು ಮಲ್ಟಿಮೀಟರಿನಲ್ಲಿ ಪ್ಲಗ್ಗುಗಳನ್ನು ನೋಡಿ. ಟ್ಯಾಂಕ್ ತೊಳೆದ ಮೇಲೆ ಡೀಸೆಲ್ ಫಿಲ್ಟರಿನ ಸ್ಕ್ರೂ ಸಡಿಲಿಸಿ ಗಾಳಿ ತೆಗೆಯಬೇಕು. ಇಂಜೆಕ್ಟರ್ ಬಳಿ ಕೈ ಒಡ್ಡಬೇಡಿ. ಆ ಒತ್ತಡದ ಡೀಸೆಲ್ ಚರ್ಮದೊಳಕ್ಕೇ ತೂರುತ್ತದೆ.

ನಾನು ನಿಜವಾಗಿ ಹೊಸದಾಗಿ ಸೇರಿಸಿದ್ದು ಹೆಡ್‌ಲೈಟಿನ ರಿಲೇ. ಹಳೆ ವೈರಿಂಗಿನಲ್ಲಿ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹೋಗಬೇಕು. ಹಳೆ ತಂತಿ, ಹಳೆ ಸ್ವಿಚ್ಚು ಎರಡರಲ್ಲೂ ವೋಲ್ಟೇಜ್ ಕರಗಿ ದೀಪ ಮಂಕಾಗುತ್ತದೆ. ಬ್ಯಾಟರಿಯಿಂದ ನೇರ ದಪ್ಪ ತಂತಿ, ಅದಕ್ಕೊಂದು ಫ್ಯೂಸ್, ಆಮೇಲೆ ರಿಲೇ. ಸ್ವಿಚ್ಚಿನ ಕೆಲಸ ರಿಲೇಗೆ ಅಪ್ಪಣೆ ಕೊಡುವುದು ಮಾತ್ರ. ಎರಡು 60 ವ್ಯಾಟ್ ಬಲ್ಬಿಗೆ ಸುಮಾರು 10 ಆಂಪಿಯರ್ ಆಗುತ್ತದೆ, ಆ ಲೆಕ್ಕಕ್ಕೆ ತಂತಿ ಆರಿಸಿಕೊಳ್ಳಿ. ಬಲ್ಬ್ ಬದಲಿಸದೆಯೇ ದೀಪ ಎದ್ದು ಕಾಣುವಷ್ಟು ಪ್ರಕಾಶವಾಯಿತು.

ಬಾಡಿ ಕೆಲಸಕ್ಕೆ ಟಿಂಕರ್ ಮನೆಗೇ ಬಂದರು. ನೆಲದ ತಗಡು ಅಲ್ಲಲ್ಲಿ ಜಾಲರಿಯಾಗಿತ್ತು. ತುಕ್ಕಿನ ಮೇಲೆ ತಗಡು ಹೊದಿಸಲು ಬಿಡದೆ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಬೆಸೆಸಿದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ, ಆಲ್ಟರ್ನೇಟರ್ ಎರಡರ ಕನೆಕ್ಷನ್ನೂ ತೆಗೆದೆ. ಆಮೇಲೆ ಎಪಾಕ್ಸಿ ಪ್ರೈಮರ್. ನೀರು ಇಳಿಯುವ ತೂತುಗಳನ್ನು ಬಣ್ಣ ಮುಚ್ಚದಂತೆ ನೋಡಿಕೊಳ್ಳುವುದು ಪ್ರೈಮರಿನಷ್ಟೇ ಮುಖ್ಯ.

ಬಣ್ಣ ಎಂದಾಗ ಎಲ್ಲರೂ ಮಿಲಿಟರಿ ಹಸಿರು ಹೊಡೆಸು ಎಂದರು. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ನಾನು ಆರ್‌ಸಿಯಲ್ಲಿರುವ ಬಿಳಿಯನ್ನೇ ಹೊಡೆಸಿದೆ. ಮುಂದಿನ ಬುಲ್ ಗಾರ್ಡ್ ಕಿತ್ತು ಹಾಕಿದೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅವುಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. 15 ವರ್ಷ ದಾಟಿದ ಕಾರು ಜೀಪುಗಳ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ನವೀಕರಣಕ್ಕೆ ಆರ್‌ಟಿಒ ಇನ್ಸ್‌ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಿದಾಗ ಬ್ರೇಕು, ದೀಪ, ಚಾಸಿ ನಂಬರು ಸರಿ ಇದ್ದರೆ ಅರ್ಧ ಚಿಂತೆ ಕಳೆದಂತೆ.

ಈಗ ಜೀಪು ಗದ್ದೆಗೂ ಹೋಗುತ್ತದೆ, ಮೇಲುಕೋಟೆ ಬೆಟ್ಟವನ್ನೂ ಹತ್ತುತ್ತದೆ. ಓಡಿಸಲು ಕೇಳುವವರಿಗೆ ನಾನು ಮೊದಲು ಹೇಳಿಕೊಡುವುದು ಟ್ರಾನ್ಸ್‌ಫರ್ ಕೇಸಿನ ಎರಡು ಸಣ್ಣ ಲಿವರುಗಳ ವಿಷಯ: ಒಂದು ಮುಂದಿನ ಚಕ್ರಕ್ಕೆ ಬಲ ಕೊಡಲು, ಇನ್ನೊಂದು ಲೋ ಗೇರಿಗೆ. ಮುಂದಿನ ಚಕ್ರಕ್ಕೂ ಬಲ ಕೊಟ್ಟ ಮೇಲೆಯೇ ಲೋ ಗೇರ್ ಬೀಳುತ್ತದೆ. ಮುಂದಿನ ಹಿಂದಿನ ಆಕ್ಸಲ್ಲುಗಳ ನಡುವೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಡಾಂಬರಿನ ಮೇಲೆ ಫೋರ್ ವೀಲಿನಲ್ಲಿ ತಿರುಗಿಸಿದರೆ ಶಾಫ್ಟುಗಳು ಒಳಗೇ ಹಿಂಡಿಕೊಂಡು ಲಿವರ್ ಸಿಕ್ಕಿಬೀಳುತ್ತದೆ. ಹಾಗೆ ಸಿಕ್ಕಿಬಿದ್ದರೆ ಬಲವಂತ ಮಾಡದೆ, ನೇರವಾಗಿ ಸ್ವಲ್ಪ ಹಿಂದಕ್ಕೆ ಓಡಿಸಿದರೆ ಬಿಡುತ್ತದೆ. ಕೆಸರು, ಮರಳು, ಒದ್ದೆ ಗದ್ದೆಗೆ ಮಾತ್ರ ಅದು. ನೀರಿನಲ್ಲಿ ಇಳಿದು ಬಂದ ದಿನ ಡ್ರಮ್ಮುಗಳು ಒಣಗುವವರೆಗೆ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಓಡಿಸಬೇಕು. ಆ ವಾರವೇ ನಕಲ್ಲಿನ ಗ್ರೀಸ್ ನೋಡಬೇಕು, ನೀರು ಸೇರಿದ್ದರೆ ಅದು ಹಾಲುಬಣ್ಣಕ್ಕೆ ತಿರುಗಿರುತ್ತದೆ.