ಏಳು ವರ್ಷವಾದರೂ ಹಾಸಿಗೆ ಒದ್ದೆಯೇ? ಮೊದಲು ಒಂದು ಅಳತೆ ಲೋಟ ತನ್ನಿ

ಡೊಂಬಿವಲಿಯ ನಮ್ಮ ಒಂದು ರೂಮಿನ ಮನೆಯಲ್ಲಿ ನಾಲ್ಕು ಜನ ಸಾಲಾಗಿ ಮಲಗುತ್ತೇವೆ. ಏಳು ವರ್ಷದ ಮಗ ರಾತ್ರಿ ಒದ್ದೆ ಮಾಡಿಕೊಂಡರೆ ಎಲ್ಲರಿಗೂ ಎಚ್ಚರವಾಗುತ್ತಿತ್ತು, ಅವನಿಗೆ ಮಾತ್ರ ಇಲ್ಲ. ಮಳೆಗಾಲದಲ್ಲಂತೂ ಗಾದಿ ಒಣಗುವುದೇ ಇಲ್ಲ. ಆದರೂ ಬೈಯಬೇಡಿ, ಹೊಡೆಯಲೇಬೇಡಿ. ಮಗು ಬೇಕಂತ ಮಾಡುವುದಲ್ಲ. ಕೆಲವು ಮಕ್ಕಳಿಗೆ ಮೂತ್ರಚೀಲ ತುಂಬಿದ್ದು ನಿದ್ದೆಯಲ್ಲಿ ಗೊತ್ತಾಗುವುದಿಲ್ಲ, ಕೆಲವರಿಗೆ ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನು ಸಾಲುವುದಿಲ್ಲ. ಅಪ್ಪ ಅಮ್ಮನಿಗೆ ಚಿಕ್ಕಂದಿನಲ್ಲಿ ಇದ್ದರೆ ಮಕ್ಕಳಿಗೂ ಬರುವುದು ಜಾಸ್ತಿ. ನಮ್ಮತ್ತೆಯನ್ನು ಕೇಳಿದ ಮೇಲೆ ತಿಳಿಯಿತು, ನಮ್ಮ ಯಜಮಾನರೂ ಹತ್ತು ವರ್ಷದವರೆಗೆ ಹೀಗೇ ಇದ್ದರಂತೆ.

ಐದು ವರ್ಷ ತುಂಬುವ ತನಕ ಔಷಧದ ಯೋಚನೆಯೇ ಬೇಡ. ಆಮೇಲೂ ಮೊದಲು ಬರೆದಿಡಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ವಾರ ಒದ್ದೆ ರಾತ್ರಿ, ಒಣ ರಾತ್ರಿ ಗುರುತು ಹಾಕಿ. ರಜೆಯ ಎರಡು ದಿನ ಮಗು ಪ್ರತಿ ಸಲ ಹೋದಾಗಲೂ ಪ್ಲಾಸ್ಟಿಕ್ ಅಳತೆ ಲೋಟದಲ್ಲಿ ಹಿಡಿದು ಎಷ್ಟು ಅಂತ ಬರೆಯಿರಿ, ಬೆಳಗಿನ ಮೊದಲನೆಯದನ್ನು ಬಿಟ್ಟು. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಆ ವಯಸ್ಸಿನ ಮೂತ್ರಚೀಲ ಸುಮಾರು ಎಷ್ಟು ಮಿಲಿ ಹಿಡಿಯಬೇಕು ಅಂತ ಸಿಗುತ್ತದೆ. ಏಳು ವರ್ಷಕ್ಕೆ 240. ನಮ್ಮವನದು 130 ದಾಟಲೇ ಇಲ್ಲ.

ಈ ಚೀಟಿ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ, ಸೋಂಕು ಇದೆಯೇ ಎಂದು ನೋಡಲು ಒಂದು ಮೂತ್ರ ಪರೀಕ್ಷೆ ಸಾಕು. ರಾತ್ರಿ ಮಾತ್ರ ಒದ್ದೆ ಮಾಡುವ, ಬೇರೇನೂ ತೊಂದರೆಯಿಲ್ಲದ ಮಗುವಿಗೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗುವುದಿಲ್ಲ. ಆದರೆ ಹಗಲಲ್ಲೂ ಸೋರಿದರೆ, ಉರಿ ಇದ್ದರೆ, ಜೋರಾಗಿ ಗೊರಕೆ ಹೊಡೆದರೆ, ಆರು ತಿಂಗಳು ಒಣಗಿದ್ದು ಮತ್ತೆ ಶುರುವಾಗಿದ್ದರೆ ಅದನ್ನೆಲ್ಲ ಹೇಳಲೇಬೇಕು. ವಿಪರೀತ ಬಾಯಾರಿಕೆ, ತೂಕ ಇಳಿಯುವುದು ಕಂಡರೆ ಅದೇ ದಿನ ಹೋಗಿ, ಅದು ಸಕ್ಕರೆ ಕಾಯಿಲೆ ಆಗಿರಬಹುದು.

ನಮ್ಮ ಡಾಕ್ಟರು ಮೊದಲು ಕೇಳಿದ್ದು ಕಕ್ಕಸಿನ ಬಗ್ಗೆ. ಶಾಲೆಯ ಸಂಡಾಸು ಕೊಳಕು ಅಂತ ಇವನು ಮಧ್ಯಾಹ್ನದವರೆಗೆ ಎಲ್ಲವನ್ನೂ ತಡೆದುಕೊಳ್ಳುತ್ತಿದ್ದ, ನೀರೂ ಕುಡಿಯುತ್ತಿರಲಿಲ್ಲ, ಸಂಜೆ ಬಂದು ಗಟಗಟ ಎರಡು ಬಾಟಲಿ. ಗಟ್ಟಿಯಾದ ಮಲ ಒಳಗೆ ತುಂಬಿಕೊಂಡು ಮೂತ್ರಚೀಲವನ್ನು ಒತ್ತುತ್ತದೆ, ಜಾಗ ಎಲ್ಲಿಂದ ಬರಬೇಕು? ಮಲ ಸಡಿಲವಾಗುವ ಔಷಧ, ಬೆಳಗ್ಗೆಯೇ ಜಾಸ್ತಿ ನೀರು, ಎರಡು-ಮೂರು ಗಂಟೆಗೊಮ್ಮೆ ಮೂತ್ರಕ್ಕೆ, ರಾತ್ರಿ ಚಹಾ-ಕೋಲಾ ಬಂದ್. ಇಷ್ಟಕ್ಕೇ ವಾರಕ್ಕೆ ಆರು ಒದ್ದೆ ರಾತ್ರಿ ಇದ್ದದ್ದು ಮೂರಕ್ಕೆ ಬಂತು.

ಉಳಿದದ್ದಕ್ಕೆ ಅಲಾರಂ. ಚಡ್ಡಿಗೆ ಸಿಕ್ಕಿಸುವ ಸಣ್ಣ ಸೆನ್ಸರ್ ಅದು, ಒದ್ದೆ ತಾಗಿದ ಕೂಡಲೇ ಕೂಗುತ್ತದೆ. ಶುರುವಿನಲ್ಲಿ ಮಗು ಏಳುವುದಿಲ್ಲ, ನೀವೇ ಎದ್ದು ಪೂರ್ತಿ ಎಚ್ಚರ ಮಾಡಿಸಿ ಬಚ್ಚಲಿಗೆ ನಡೆಸಬೇಕು. ಎರಡು ಮೂರು ತಿಂಗಳು ಹಿಡಿಯುತ್ತದೆ, ಸತತ 14 ಒಣ ರಾತ್ರಿ ಬರುವ ತನಕ ಬಿಡಬಾರದು.

ರಾತ್ರಿ ಮೂತ್ರ ಕಡಿಮೆ ಮಾಡುವ ಆ ಹಾರ್ಮೋನಿನಂತೆಯೇ ಕೆಲಸ ಮಾಡುವ ಡೆಸ್ಮೋಪ್ರೆಸಿನ್ ಮಾತ್ರೆಯ ಪರಿಣಾಮ ಬೇಗ ಕಾಣುತ್ತದೆ, ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವ ರಾತ್ರಿಗೆ ಅನುಕೂಲ, ಆದರೆ ನಿಲ್ಲಿಸಿದರೆ ಎಷ್ಟೋ ಮಕ್ಕಳಿಗೆ ಮತ್ತೆ ಶುರು. ಡಾಕ್ಟರು ಬರೆದರೆ ಮಾತ್ರ ಕೊಡಿ. ಮಾತ್ರೆಗೆ ಒಂದು ಗಂಟೆ ಮೊದಲಿನಿಂದ, ಮಾತ್ರೆ ಕೊಟ್ಟು ಎಂಟು ತಾಸು ಕಳೆಯುವ ತನಕ ನೀರು ಕುಡಿಸಬೇಡಿ, ಬಾಯಿ ಒಣಗಿದರೆ ಒಂದು ಗುಟುಕು ಅಷ್ಟೇ. ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ವಾಂತಿ-ಭೇದಿ, ಜ್ವರ ಇರುವ ದಿನ ಕೊಡಲೇಬೇಡಿ.

ಅಲಾರಂ ಬಿಟ್ಟ ಮೇಲೆ ಮತ್ತೆ ಒದ್ದೆಯಾಯಿತೇ? ಎಸೆಯದೆ ಇಟ್ಟುಕೊಂಡಿದ್ದರೆ ಅದನ್ನೇ ಮತ್ತೆ ಸಿಕ್ಕಿಸಿ, ಎರಡನೇ ಸಲವೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ.